ತಮ್ಮನ ಕೆಲಸ ಫೈಟರ್ ವಿಮಾನದ ಸೀಟಿನಲ್ಲಿ, ಅವ್ವನಿಗೆ ನಿದ್ದೆ ಇಲ್ಲ

ಪ್ರಶ್ನೆ: ನಾನು ಜಮಖಂಡಿ ಹತ್ತಿರದ ಹಳ್ಳಿಯವಳು, ಪ್ರೈಮರಿ ಶಾಲೆಯಲ್ಲಿ ಟೀಚರ್. ನನ್ನ ತಮ್ಮ 2019ರಲ್ಲಿ ಏರ್‌ಫೋರ್ಸ್ ಸೇರಿದ, ಬೆಳಗಾವಿಯ ಸಾಂಬ್ರಾದಲ್ಲೇ ಟ್ರೇನಿಂಗ್ ಆಯ್ತು. ಈಗ ಒಂದು ಫೈಟರ್ ಬೇಸ್‌ನಲ್ಲಿದ್ದಾನೆ. ಅಪಾಯ ಬಂದಾಗ ಪೈಲಟ್‌ನನ್ನು ಹೊರಗೆ ಎಸೆಯುವ ಸೀಟು ಇರುತ್ತದಲ್ಲ, ಮೂರು ತಿಂಗಳಿಂದ ಅದರ ಕೆಲಸಕ್ಕೆ ಹಾಕಿದ್ದಾರೆ. ಕಾರಹುಣ್ಣಿಮೆಗೆ ರಜೆ ಮೇಲೆ ಬಂದವನು ಊಟಕ್ಕೆ ಕೂತಾಗ ಕಾಕಾನ ಮುಂದೆ 'ನಮ್ದು ಬಾಂಬಿನ ಮ್ಯಾಲೆ ಕುಂತು ಮಾಡೋ ಕೆಲಸ' ಅಂದುಬಿಟ್ಟ. ಅವ್ವ ಕೇಳಿಸಿಕೊಂಡಳು. ಅವತ್ತಿನಿಂದ ಆಕೆಗೆ ಸರಿಯಾಗಿ ನಿದ್ದೆ ಇಲ್ಲ. ಅದು ತಾನಾಗಿಯೇ ಸಿಡಿಯುತ್ತದಾ? ಒಂದು ಸಲ ಆ ಸೀಟಿನಿಂದ ಹಾರಿದ ಪೈಲಟ್ ಗಿಡ್ಡ ಆಗುತ್ತಾನೆ, ಮತ್ತೆ ವಿಮಾನ ಓಡಿಸೋ ಹಾಗಿಲ್ಲ ಅನ್ನೋದು ನಿಜವಾ? ನನಗೆ ಜಾಸ್ತಿ ಚಿಂತೆ ಬೇರೆ. ಒಂದು ಪಿನ್ನಿನ ವಿಷಯಕ್ಕೆ ಸೀನಿಯರ್ ಎಲ್ಲರ ಮುಂದೆ ಬೈದರಂತೆ, ರಾತ್ರಿ ಎದ್ದು ಕೂರುತ್ತಾನೆ. ಬೇರೆ ಕೆಲಸ ಕೇಳಿಕೋ ಅಂತ ಹೇಳಲಾ?

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಸ್ವಲ್ಪ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಾನು ಇದೇ ಕೆಲಸಕ್ಕೆ ಬಿದ್ದಾಗ ನಮ್ಮ ಅವ್ವನಿಗೆ 'ವಿಮಾನದ ಸೀಟು ನೋಡ್ಕೋತೀನಿ' ಅಂತಷ್ಟೇ ಹೇಳಿದ್ದೆ. ಆಕೆ ಓಣಿಯವರಿಗೆಲ್ಲ 'ನನ್ನ ಮಗ ಕುರ್ಚಿ ರಿಪೇರಿ ಮಾಡ್ತಾನ, ಅದಕ್ಕ ಅಷ್ಟ ದೂರ ಹೋಗಬೇಕೇನ?' ಅಂತ ಹೇಳಿಕೊಂಡು ಓಡಾಡುತ್ತಿದ್ದಳು. ಎಷ್ಟೋ ವರ್ಷ ನಾನು ಅದನ್ನು ತಿದ್ದಲಿಲ್ಲ. ನಿಮ್ಮ ತಮ್ಮ ಊಟದ ಹೊತ್ತಿಗೆ ನಿಜ ಹೇಳಿಬಿಟ್ಟ, ಅಷ್ಟೇ ವ್ಯತ್ಯಾಸ.

24 ವರ್ಷ ಏರ್‌ಫೋರ್ಸ್‌ನಲ್ಲಿದ್ದೆ, ಅದರಲ್ಲಿ 14 ವರ್ಷ ಸೀಟಿನ ಕೆಲಸ. ಜೂನಿಯರ್ ವಾರಂಟ್ ಆಫೀಸರ್ ಆಗಿ ರಿಟೈರ್ ಆಗಿ ಈಗ ಬೆಳಗಾವಿಯಲ್ಲಿದ್ದೇನೆ. ಹಾಗಾಗಿ ನಾನು ಹೇಳೋದು ಹ್ಯಾಂಗರ್‌ನಲ್ಲಿ ನಿಂತವನ ಮಾತು. ಪೈಲಟ್‌ನ ಅನುಭವ ನನ್ನದಲ್ಲ.

ಬಾಂಬ್ ಅನ್ನೋದು ತಪ್ಪು, ಆದರೆ ಪೂರ್ತಿ ಸುಳ್ಳೂ ಅಲ್ಲ. ಸೀಟಿನ ಬೆನ್ನಿಗೆ ಒಂದರೊಳಗೊಂದು ತೂರಿದ ಕೊಳವೆಗಳಿರುತ್ತವೆ. ಅದನ್ನು ನಾವು ಗನ್ ಅಂತೀವಿ. ಅದರಲ್ಲಿ ಕಾಡತೂಸುಗಳಿರುತ್ತವೆ. ಹೊಲಕ್ಕೆ ಹಂದಿ ನುಗ್ಗಿದಾಗ ಹಾರಿಸುವ ಬಂದೂಕಿನ ಕಾಡತೂಸಿನ ದೊಡ್ಡಣ್ಣ ಅಂದುಕೊಳ್ಳಿ. ಅವು ಹೊತ್ತಿಕೊಂಡರೆ ಗ್ಯಾಸ್ ತುಂಬಿ ಕೊಳವೆಗಳು ಉದ್ದ ಆಗುತ್ತವೆ, ಸೀಟು ಪೈಲಟ್ ಸಮೇತ ಹಳಿ ಹಿಡಿದು ಮೇಲೆ ಹೋಗುತ್ತದೆ. ಈಗಿನ ಸೀಟುಗಳಲ್ಲಿ ಕೆಳಗೆ ರಾಕೆಟ್ ಕೂಡ ಇರುತ್ತದೆ, ಗನ್ ಕೆಲಸ ಮುಗಿಯುವ ಹೊತ್ತಿಗೆ ಅದು ಹಿಡಿದುಕೊಳ್ಳುತ್ತದೆ. ಆಮೇಲೆ ಸಣ್ಣ ಪ್ಯಾರಾಚೂಟ್ ಬಿಚ್ಚಿ ಸೀಟು ತಿರುಗದ ಹಾಗೆ ಹಿಡಿಯುತ್ತದೆ, ಆಮೇಲೆ ದೊಡ್ಡದು ಬಿಚ್ಚಿ ಪೈಲಟ್ ಸೀಟಿನಿಂದ ಬೇರೆ ಆಗುತ್ತಾನೆ. ನೆಲದ ಹತ್ತಿರ ಆದರೆ ಹ್ಯಾಂಡಲ್ ಎಳೆದಾಗಿನಿಂದ ಪ್ಯಾರಾಚೂಟ್ ಅರಳುವ ತನಕ ಎಲ್ಲ ಸೇರಿ ಮೂರು ಸೆಕೆಂಡ್ ಒಳಗೆ. ನೀವು ಈ ಸಾಲು ಓದುವಷ್ಟರಲ್ಲಿ ಮುಗಿದಿರುತ್ತದೆ. ತುಂಬಾ ಎತ್ತರದಲ್ಲಿ ಆದರೆ ಮಾತ್ರ ದೊಡ್ಡ ಪ್ಯಾರಾಚೂಟ್ ಕಾಯುತ್ತದೆ. ಅಲ್ಲಿ ಚಳಿ ಜಾಸ್ತಿ, ಉಸಿರಾಡುವಷ್ಟು ಗಾಳಿಯೂ ಇರುವುದಿಲ್ಲ, ಅದಕ್ಕೆ ಮೊದಲು ಬೇಗ ಕೆಳಗೆ ಬೀಳಲಿ ಅಂತ.

ಇನ್ನು ತಾನಾಗಿ ಸಿಡಿಯುತ್ತದಾ ಅನ್ನೋ ಪ್ರಶ್ನೆ. ನನ್ನ 14 ವರ್ಷದಲ್ಲಿ ಸುಮ್ನೆ ನಿಂತ ಸೀಟು ಹಾರಿದ್ದು ಒಂದೂ ನೋಡಿಲ್ಲ. ಹ್ಯಾಂಡಲ್ ಎಳೆಯಬೇಕು, ಇಲ್ಲವೇ ಒಳಗಿನ ಸಿಯರ್ ಅನ್ನೋ ಸಣ್ಣ ತುಂಡನ್ನು ಯಾರಾದರೂ ಕೀಳಬೇಕು. ನೆಲದ ಮೇಲಿದ್ದಾಗ ಇವೆರಡೂ ಆಗಬಾರದು ಅಂತಲೇ ಪಿನ್ನುಗಳನ್ನು ಚುಚ್ಚಿರುತ್ತೇವೆ. ಪ್ರತಿ ಪಿನ್ನಿಗೂ ಕೆಂಪು ಪಟ್ಟಿ. ದೊಡ್ಡ ಕೆಲಸಕ್ಕೆ ಸೀಟನ್ನು ವಿಮಾನದಿಂದ ಇಳಿಸಿ ಸೀಟ್ ಬೇ ಅನ್ನೋ ಬೇರೆ ಕಟ್ಟಡಕ್ಕೆ ಒಯ್ಯುತ್ತಾರೆ. ಅಲ್ಲಿ ಮೊಬೈಲ್ ಇಲ್ಲ, ಉಂಗುರ ಇಲ್ಲ, ಬೇಡದವರಿಗೆ ಒಳಗೆ ಬಿಡುವುದಿಲ್ಲ. ಸ್ಪ್ಯಾನರ್‌ಗಳಿಗೆ ಬೋರ್ಡ್ ಮೇಲೆ ಅವುಗಳದೇ ಆಕಾರ ಬರೆದಿರುತ್ತದೆ, ಒಂದು ಕಡಿಮೆ ಆದರೆ ದೂರದಿಂದಲೇ ಖಾಲಿ ಜಾಗ ಕಾಣುತ್ತದೆ. ಕಾಡತೂಸಿಗೆ ಔಷಧಿ ಬಾಟಲಿ ಹಾಗೆ ತಾರೀಖು ಇರುತ್ತದೆ. ಒಂದು ಸಲವೂ ಹಾರಿಸದಿದ್ದರೂ ತಾರೀಖು ಮುಗಿದರೆ ಕಿತ್ತು ಹೊಸದು ಹಾಕಬೇಕು. ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ನೋಡಿ ಸಹಿ ಹಾಕಬೇಕು. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸುವಾಗ ನಾವು ಇದರಲ್ಲಿ ಕಾಲು ಭಾಗ ಜಾಗ್ರತೆ ಮಾಡಿದ್ದರೂ ಸಾಕಿತ್ತು.

ಹಾಗಾದರೆ ಅಪಾಯವೇ ಇಲ್ವಾ? ಇದೆ. ಅದು ಮನುಷ್ಯರ ಕೈಯಿಂದ ಬರುತ್ತದೆ. ಎರಡು ಘಟನೆ ಹೇಳುತ್ತೇನೆ, ಎರಡೂ ಹೊರಗಿನ ದೇಶದ್ದು.

2011ರ ನವೆಂಬರ್ 8ರಂದು ಇಂಗ್ಲೆಂಡಿನ ಸ್ಕ್ಯಾಂಪ್ಟನ್‌ನಲ್ಲಿ, ರೆಡ್ ಆರೋಸ್ ಅನ್ನೋ ಪ್ರದರ್ಶನ ತಂಡದ ಪೈಲಟ್ ನಿಂತ ಹಾಕ್ ವಿಮಾನದಲ್ಲಿ ಕೂತಿದ್ದರು. ಸೀಟು ಹಾರಿತು. ಪ್ಯಾರಾಚೂಟ್ ಬಿಚ್ಚಲಿಲ್ಲ, ಅವರು ತೀರಿಕೊಂಡರು. ತನಿಖೆಯಲ್ಲಿ ಗೊತ್ತಾಗಿದ್ದು ಇದು: ನಾಲ್ಕು ದಿನ ಹಿಂದಿನ ಹಾರಾಟದಲ್ಲೇ ಬೆಲ್ಟಿನ ಪಟ್ಟಿ ಹ್ಯಾಂಡಲ್‌ಗೆ ಸಿಕ್ಕಿಕೊಂಡು ಹ್ಯಾಂಡಲ್ ಸ್ವಲ್ಪ ಜಾಗ ಬಿಟ್ಟಿತ್ತು. ಆಮೇಲೆ ಪಿನ್ನು ಚುಚ್ಚಿದ್ದರು, ಅದು ಚುಚ್ಚಿದ ಹಾಗೆ ಕಾಣುತ್ತಲೂ ಇತ್ತು, ಆದರೆ ಹ್ಯಾಂಡಲ್ ತನ್ನ ಜಾಗದಲ್ಲಿ ಇರಲಿಲ್ಲವಾದ್ದರಿಂದ ಆ ಪಿನ್ನಿನಿಂದ ಏನೂ ಉಪಯೋಗ ಆಗಲಿಲ್ಲ. ಜೊತೆಗೆ ಪ್ಯಾರಾಚೂಟಿನ ಒಂದು ಬೋಲ್ಟು ಅಗತ್ಯಕ್ಕಿಂತ ಬಿಗಿ ಆಗಿತ್ತು. ನಡುವಿನ ದಿನಗಳಲ್ಲಿ ಹಲವರು ಆ ಸೀಟು ನೋಡಿದ್ದರು, ಯಾರ ಕಣ್ಣಿಗೂ ಬೀಳಲಿಲ್ಲ. ನಿಮ್ಮ ತಮ್ಮನಿಗೆ ಸೀನಿಯರ್ ಯಾಕೆ ಬೈದರು ಅಂತ ಈಗ ಸ್ವಲ್ಪ ಗೊತ್ತಾಯ್ತಾ?

ಇನ್ನೊಂದು 2019ರ ಮಾರ್ಚ್, ಫ್ರಾನ್ಸ್. 64 ವರ್ಷದ ಒಬ್ಬರಿಗೆ ಸಹೋದ್ಯೋಗಿಗಳು ಉಡುಗೊರೆಯಾಗಿ ರಫೇಲ್‌ನಲ್ಲಿ ಒಂದು ಸುತ್ತು ಏರ್ಪಾಡು ಮಾಡಿದ್ದರು. ವಿಮಾನ ಮೇಲೇರಿ ಪೈಲಟ್ ಸಮ ಮಾಡಿದಾಗ ಇವರ ಮೈ ಸೀಟಿನಿಂದ ಮೇಲೆದ್ದ ಹಾಗಾಯ್ತು. ಬಸ್ಸಿನಲ್ಲಿ ಬ್ರೇಕ್ ಹಾಕಿದರೆ ನಾವು ಕೈಗೆ ಸಿಕ್ಕಿದ ರಾಡ್ ಹಿಡಿಯುವುದಿಲ್ವಾ, ಹಾಗೆ ಇವರು ಹಿಡಿದದ್ದು ಸೀಟಿನ ಹ್ಯಾಂಡಲ್. ಹೊರಗೆ ಹಾರಿದರು, ದೇವರ ದಯೆ, ಬದುಕಿದರು. ಅದೇ ಎಳೆತಕ್ಕೆ ಪೈಲಟ್‌ನ ಸೀಟೂ ಹಾರಬೇಕಿತ್ತು, ಹಾರಲಿಲ್ಲ, ಆತ ವಿಮಾನ ಇಳಿಸಿದ. ಸೀಟಿನ ತಪ್ಪಿನಿಂದ ವಿಮಾನ ಉಳಿದ ಕಥೆ ನಾನು ಕೇಳಿದ್ದು ಇದೊಂದೇ.

ನನ್ನದೇ ಒಂದು ಹೇಳುತ್ತೇನೆ, ಇದನ್ನು ತಮ್ಮನಿಗೆ ಓದಿ ಹೇಳಿ. ನನಗೆ ಆಗ 26. ಊರಲ್ಲಿ ಅಣ್ಣನ ಮದುವೆ ಮುಗಿಸಿ, ಜನರಲ್ ಬೋಗಿಯಲ್ಲಿ ಬಾಗಿಲ ಹತ್ತಿರ ಕೂತು ರಾತ್ರಿಯೆಲ್ಲ ಪ್ರಯಾಣ ಮಾಡಿ, ಸೀದಾ ಡ್ಯೂಟಿಗೆ ಹೋದೆ. ಹಾರಾಟಕ್ಕೆ ಮೊದಲು ನಾವು ಏಣಿ ಮೇಲೆ ನಿಂತು ಪಿನ್ನು ಕಿತ್ತು ಪೈಲಟ್‌ಗೆ ತೋರಿಸುತ್ತೇವೆ, ಅವರೂ ಎಣಿಸುತ್ತಾರೆ. ಆ ವಿಮಾನಕ್ಕೆ ಐದು. ನಾನು ಕೈ ಎತ್ತಿ ತೋರಿಸಿದೆ. ಪೈಲಟ್ ತಲೆ ಅಲ್ಲಾಡಿಸಿ ನಾಲ್ಕು ಬೆರಳು ತೋರಿಸಿದರು. ನೋಡಿಕೊಂಡರೆ ಕೈಯಲ್ಲಿ ನಾಲ್ಕೇ. ಐದನೆಯದು ತನ್ನ ತೂತಿನಲ್ಲೇ ಕೂತಿತ್ತು, ಅದರ ಕೆಂಪು ಪಟ್ಟಿ ಬೆಲ್ಟಿನ ಕೆಳಗೆ ಮಡಚಿ ಹೋಗಿತ್ತು. ನನ್ನ ಕಣ್ಣು ಕೆಂಪು ಬಣ್ಣ ಹುಡುಕುತ್ತಿತ್ತೇ ಹೊರತು ಪಿನ್ನನ್ನು ಹುಡುಕುತ್ತಿರಲಿಲ್ಲ. ಹಾಗೇ ಹೋಗಿದ್ದರೆ ಮೇಲೆ ಅವರು ಹ್ಯಾಂಡಲ್ ಎಳೆದರೂ ಸೀಟು ಅಲ್ಲಾಡುತ್ತಿರಲಿಲ್ಲ.

ಇದನ್ನು ನಿಮ್ಮ ಕಾಕಾ, ನಿಮ್ಮ ಅವ್ವ ಯಾರೂ ಯೋಚಿಸಿರುವುದಿಲ್ಲ. ಪಿನ್ನು ಇಲ್ಲದಿದ್ದರೆ ಕೆಳಗಿರುವವನಿಗೆ ಅಪಾಯ, ಪಿನ್ನು ಉಳಿದರೆ ಮೇಲಿರುವವನಿಗೆ ಅಪಾಯ. ಅವತ್ತು ನಮ್ಮ ಸಾರ್ಜೆಂಟ್ ಒಂದು ಮಾತೂ ಬೈಯಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಏಣಿ ಹತ್ತಿಸಿ ಐದೂ ಪಿನ್ನು ಚುಚ್ಚಿಸಿದರು, ಕೀಳಿಸಿದರು, ಮತ್ತೆ ಚುಚ್ಚಿಸಿದರು. ಐವತ್ತು ಸಲ, ಕಡೆಯ ಹತ್ತು ಕಣ್ಣು ಮುಚ್ಚಿಕೊಂಡು. ಬೆರಳ ತುದಿ ಸುಲಿದಿತ್ತು, ಆ ರಾತ್ರಿ ಊಟ ಚಮಚದಲ್ಲಿ ಮಾಡಿದೆ. ಬೈದಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದೆನೋ ಏನೋ. ಎಲ್ಲರ ಮುಂದೆ ಬೈಯುವ ಸೀನಿಯರ್‌ಗಳ ಬಗ್ಗೆ ನನ್ನ ಅಭಿಪ್ರಾಯ ಏನೂ ಚೆನ್ನಾಗಿಲ್ಲ. ಹಾಗೆ ಬೈಸಿಕೊಂಡ ಹುಡುಗ ಮುಂದಿನ ಸಲ ತಪ್ಪು ಮುಚ್ಚಿಡುತ್ತಾನೆ, ಈ ಕೆಲಸದಲ್ಲಿ ಮುಚ್ಚಿಟ್ಟ ತಪ್ಪಿಗಿಂತ ಕೆಟ್ಟದ್ದು ಇನ್ನೊಂದಿಲ್ಲ.

ಇನ್ನು ಗಿಡ್ಡ ಆಗುವ ವಿಷಯ. ಸೀಟು ಹಾರುವಾಗ ಪೈಲಟ್‌ನ ಮೈ ಮೇಲೆ 12ರಿಂದ 20 ಜಿ ತನಕ, ಅಂದರೆ ತನ್ನ ತೂಕದ 12ರಿಂದ 20 ಪಟ್ಟು, ಒತ್ತಡ ಬೀಳುತ್ತದೆ. 70 ಕೆ.ಜಿ. ಮನುಷ್ಯ ಆ ಒಂದು ಕ್ಷಣ ಒಂದು ಟನ್ ಭಾರದವನಾಗುತ್ತಾನೆ, ಎಲ್ಲ ಬೆನ್ನುಮೂಳೆ ಮೇಲೆ. ಬೆನ್ನು ನೆಟ್ಟಗೆ, ತಲೆ ಹಿಂದಕ್ಕೆ ಒರಗಿಸಿ ಕೂತಿದ್ದರೆ ತಡೆಯುತ್ತದೆ. ಬಗ್ಗಿ ಕೂತಿದ್ದರೆ ಎದೆಗೂಡು ಮುಗಿದು ಸೊಂಟ ಶುರುವಾಗುವ ಜಾಗದ ಮೂಳೆ ಅಮುಕಿ ಬಿರುಕು ಬಿಡಬಹುದು. ಹತ್ತು ಮಂದಿ ಹಾರಿದರೆ ಎರಡು ಮೂರು ಮಂದಿಗೆ ಈ ಥರ ಏಟು ಆಗುತ್ತದೆ ಅನ್ನೋದು ಸುಮಾರು ಲೆಕ್ಕ. ಅದಕ್ಕೇ ಹಾರಿ ಬಂದವರು 'ನಾನು ಆರಾಮ ಇದ್ದೀನಿ' ಅಂತ ಎದ್ದು ನಡೆದರೂ ಸ್ಟ್ರೆಚರ್ ಮೇಲೆ ಮಲಗಿಸಿ ಸ್ಕ್ಯಾನ್ ಮಾಡಿಸುತ್ತಾರೆ. ಬೆನ್ನಿನ ನಡುವಿನ ಮೆತ್ತೆಗಳು ಅಮುಕಿದ್ದು ಮತ್ತೆ ಸರಿಹೋಗುತ್ತದೆ. ಮೂಳೆಯೇ ಅಮುಕಿದ್ದರೆ ಒಂದಿಷ್ಟು ಮಿಲಿಮೀಟರ್ ಹೋಗಬಹುದು. ಜನ ಹೇಳುವ ಹಾಗೆ ಎಲ್ಲರೂ ಇಂಚುಗಟ್ಟಲೆ ಗಿಡ್ಡ ಆಗುವುದಿಲ್ಲ.

ಮತ್ತೆ ಹಾರುವುದಿಲ್ಲ ಅನ್ನೋದೂ ಸುಳ್ಳು. ಒಂದು ಸಲ, ಎರಡು ಸಲ ಅಂತ ಲೆಕ್ಕದ ನಿಯಮ ಇಲ್ಲ, ಡಾಕ್ಟರುಗಳು ಆ ಮನುಷ್ಯನ ಬೆನ್ನು ನೋಡಿ ತೀರ್ಮಾನಿಸುತ್ತಾರೆ. ಬೆಂಗಳೂರಿನಲ್ಲಿ ಏರ್‌ಫೋರ್ಸ್‌ನದೇ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ, ಅಲ್ಲಿ ಪರೀಕ್ಷೆ ಮಾಡುತ್ತಾರೆ. ಅಭಿನಂದನ್ ವರ್ಧಮಾನ್ ನಿಮಗೆ ಗೊತ್ತೇ ಇದ್ದಾರೆ. 2019ರ ಫೆಬ್ರವರಿ 27ರಂದು ಮಿಗ್-21ರಿಂದ ಹಾರಿದರು, ಸೆಪ್ಟೆಂಬರ್ 2ಕ್ಕೆ ಮತ್ತೆ ಮಿಗ್-21ರಲ್ಲಿ ಕೂತರು. ಅವತ್ತು ಜೊತೆಯಲ್ಲಿ ಕೂತಿದ್ದವರು ಆಗಿನ ಏರ್ ಚೀಫ್ ಧನೋವಾ. ಅವರೂ 1988ರಲ್ಲಿ ಇದೇ ಥರ ಸೀಟಿನಿಂದ ಹಾರಿದವರು, ಮತ್ತೆ ವಿಮಾನ ಹತ್ತಲು 9 ತಿಂಗಳು ಬೇಕಾಯ್ತು ಅಂತ ಅವರೇ ಹೇಳಿದ್ದಾರೆ. ಸೀಟಿನಿಂದ ಹಾರಿ ಬದುಕಿದ ಇಬ್ಬರು ಅವತ್ತು ಒಂದೇ ವಿಮಾನದಲ್ಲಿ.

ಆದರೆ ಸೀಟು ಇದ್ದರೆ ಎಲ್ಲರೂ ಬದುಕುತ್ತಾರೆ ಅಂತ ನಾನು ಹೇಳಲಾರೆ. 2023ರ ಜನವರಿ 28ರಂದು ಮಧ್ಯಪ್ರದೇಶದ ಮೊರೇನಾ ಹತ್ತಿರ ಸುಖೋಯ್ ಮತ್ತು ಮಿರಾಜ್ ಪತನವಾದಾಗ ಸುಖೋಯ್‌ನ ಇಬ್ಬರು ಹೊರಬಂದರು. ಮಿರಾಜ್‌ನಲ್ಲಿದ್ದ ನಮ್ಮ ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಬದುಕಿ ಬರಲಿಲ್ಲ. ಸೀಟಿಗೆ ಕೆಲವು ಸೆಕೆಂಡ್ ಬೇಕು, ಹ್ಯಾಂಡಲ್ ಎಳೆಯಲು ಪೈಲಟ್‌ಗೆ ಅವಕಾಶ ಬೇಕು. ಅದೇ ವರ್ಷ ಜೂನ್ 1ರಂದು ಚಾಮರಾಜನಗರದ ಭೋಗಾಪುರದ ಹತ್ತಿರ ಕಿರಣ್ ತರಬೇತಿ ವಿಮಾನ ಬಿತ್ತಲ್ಲ, ಅಲ್ಲಿ ಅವಕಾಶ ಸಿಕ್ಕಿತು, ಇಬ್ಬರೂ ಪ್ಯಾರಾಚೂಟ್‌ನಲ್ಲಿ ಇಳಿದರು. ಕಿರಣ್ ಹಳೇ ವಿಮಾನ, ಅದರ ಸೀಟೂ ಹಳೇ ಕಾಲದ್ದು. ಯಾರೋ ಹುಡುಗರು ಅದರ ತಾರೀಖು ನೋಡಿ, ಕಾಡತೂಸು ಬದಲಿಸಿ, ಸಹಿ ಹಾಕಿದ್ದರು. ಅವರ ಹೆಸರು ಯಾವ ಪೇಪರಿನಲ್ಲೂ ಬರಲಿಲ್ಲ, ಬರುವುದೂ ಇಲ್ಲ ಬಿಡಿ.

ತಮ್ಮನಿಗೆ ಇನ್ನೊಂದು ಹೇಳಿ. ಬ್ರಿಟನ್ನಿನ ಮಾರ್ಟಿನ್-ಬೇಕರ್ ಕಂಪನಿ ಈ ಸೀಟುಗಳಿಗೆ ಹೆಸರುವಾಸಿ, ಅವರ ಸೀಟಿನಿಂದ ಬದುಕಿದವರ ಲೆಕ್ಕ 7,700 ದಾಟಿದೆ, ನಮ್ಮ ತೇಜಸ್‌ನಲ್ಲೂ ಅವರದೇ ಸೀಟು. ಆ ಸೀಟಿನಲ್ಲಿ ಮೊಟ್ಟಮೊದಲು 1946ರ ಜುಲೈ 24ರಂದು ಹಾರುವ ವಿಮಾನದಿಂದ ಹಾರಿ ತೋರಿಸಿದವರು ಬರ್ನಾರ್ಡ್ ಲಿಂಚ್. ಆತ ಪೈಲಟ್ ಅಲ್ಲ, ಕಂಪನಿಯ ಫಿಟರ್. ನಮ್ಮ ಜಾತಿ!

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ, ಕೆಲಸ ಬದಲಿಸಿಕೋ ಅನ್ನಬೇಕಾ? ನನ್ನ ಪ್ರಕಾರ ಈಗಲೇ ಬೇಡ. ಮೂರು ತಿಂಗಳು ಅಂದರೆ ಇನ್ನೂ ಕೈ ಕೂತಿಲ್ಲ, ಈ ಹೊತ್ತಿನಲ್ಲಿ ಹೆದರಿಕೆ ಇಲ್ಲದಿದ್ದರೆ ನನಗೆ ಅನುಮಾನ ಬರುತ್ತಿತ್ತು. ನಾನು ಹೆದರಿದ್ದು ಹೊಸಬರನ್ನು ನೋಡಿ ಅಲ್ಲ. ಐದಾರು ವರ್ಷ ಆಗಿ, ಮಾತಾಡುತ್ತಾ ಪಿನ್ನು ಕೀಳುತ್ತಿದ್ದವರನ್ನು ನೋಡಿ. ಆದರೆ ರಾತ್ರಿ ಎದ್ದು ಕೂರುತ್ತಾನೆ ಅಂದಿರಲ್ಲ, ಅದನ್ನು ಸುಮ್ನೆ ಬಿಡಬೇಡಿ. ನಿದ್ದೆ ಇಲ್ಲದ ಕೈ ಏನು ಮಾಡುತ್ತದೆ ಅಂತ ನನ್ನದೇ ಕಥೆ ಹೇಳಿದ್ದೇನೆ. ಮೊದಲು ಅವನು ಬೈದ ಸೀನಿಯರ್ ಬಿಟ್ಟು ಸೆಕ್ಷನ್‌ನಲ್ಲಿ ತನಗೆ ನಂಬಿಕೆ ಇರುವ ಇನ್ನೊಬ್ಬರ ಹತ್ತಿರ ಹೋಗಿ 'ಈ ಕೆಲಸ ನನ್ನ ಪಕ್ಕ ನಿಂತು ಮತ್ತೊಂದು ಸಲ ತೋರಿಸಿ' ಅಂತ ಕೇಳಲಿ. ಗೆಳೆಯರು ಎರಡು ದಿನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ತಾನು ಕಣ್ಣಾರೆ ನೋಡದ ಕೆಲಸಕ್ಕೆ ಸಹಿ ಮಾತ್ರ ಹಾಕಬಾರದು, ಯಾರು ಅವಸರ ಮಾಡಿದರೂ. ರಾತ್ರಿ ನಿದ್ದೆ ಆಗಿಲ್ಲ ಅಂದರೆ ಬೆಳಿಗ್ಗೆಯೇ ಹೇಳಿಬಿಡಲಿ, ಅವತ್ತು ಬೇರೆ ಕೆಲಸ ಕೊಡುತ್ತಾರೆ.

ಒಂದು ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ ಯೂನಿಟ್‌ನ ಮೆಡಿಕಲ್ ಆಫೀಸರ್‌ಗೆ ತೋರಿಸಲಿ. ಇದರಲ್ಲಿ ಒಂದು ಕಷ್ಟ ಇದೆ, ಮುಚ್ಚಿಡುವುದಿಲ್ಲ. ಡಾಕ್ಟರ್ ಹತ್ತಿರ ಹೋದರೆ ದಾಖಲೆ ಆಗುತ್ತದೆ, ಸ್ವಲ್ಪ ದಿನ ಸೀಟಿನಿಂದ ದೂರ ಇಡಬಹುದು, ಪ್ರಮೋಷನ್‌ಗೆ ಏನಾಗುತ್ತೋ ಅಂತ ಹುಡುಗರು ಹೆದರುತ್ತಾರೆ. ಆದರೂ ಹೋಗುವುದೇ ಸರಿ.

ಸೆಕ್ಷನ್ ಬದಲಾವಣೆ ಕೇಳುವುದು ಕಡೆಯ ದಾರಿ. ಟ್ರೇಡ್, ಅಂದರೆ ಟ್ರೇನಿಂಗ್ ಆದ ಕಸುಬು, ಬದಲಿಸುವುದು ಕಷ್ಟ, ಅದೇ ಟ್ರೇಡ್‌ನಲ್ಲಿ ಬೇರೆ ಕೆಲಸ ಸಿಗಬಹುದು. ಆದರೆ ಬೇರೆ ಕೆಲಸ ಅಂದರೆ ಏನು? ವೆಪನ್ ಟ್ರೇಡ್ ಆದರೆ ರಾಕೆಟ್, ಮಿಸೈಲ್, ನಿಜವಾದ ಬಾಂಬ್. ಅವ್ವನಿಗೆ ಅದು ಸಮಾಧಾನ ಆಗುತ್ತದಾ, ನೀವೇ ಹೇಳಿ. ವಿಮಾನ ನಿಲ್ಲುವ ಲೈನಿನ ಕೆಲಸ ಅಂದರೆ ಓಡುತ್ತಿರುವ ಎಂಜಿನ್ ಹತ್ತಿರ ನಿಲ್ಲಬೇಕು, ಅದು ಮುಂದಿನಿಂದ ಮನುಷ್ಯನನ್ನೇ ಒಳಗೆ ಎಳೆದುಕೊಳ್ಳಬಲ್ಲದು. ಸದ್ದು ಬೇರೆ. 85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ದಿನಗಟ್ಟಲೆ ಕೆಲಸ ಮಾಡಿದರೆ ಕಿವಿಗೆ ಪೆಟ್ಟು, ಫೈಟರ್ ಎಂಜಿನ್ ಹತ್ತಿರ ಅದು 130 ದಾಟುತ್ತದೆ. 14 ವರ್ಷದ ಸೀಟಿನ ಕೆಲಸದಿಂದ ನನ್ನ ಹತ್ತೂ ಬೆರಳು ಸರಿಯಾಗಿ ಮನೆಗೆ ಬಂದಿವೆ. ಎಡಗಿವಿ ಮಾತ್ರ ಬಂದಿಲ್ಲ. ಕುಕ್ಕರ್ ಸೀಟಿ ಎಷ್ಟಾಯ್ತು ಅಂತ ನನ್ನ ಹೆಂಡತಿ ಈಗ ನನ್ನನ್ನು ಕೇಳುವುದೇ ಬಿಟ್ಟಿದ್ದಾಳೆ. ಆದ್ದರಿಂದ ಫೋನ್ ಮಾಡಿದಾಗ 'ಸೀಟು ಹುಷಾರು' ಅನ್ನುವ ಬದಲು 'ಕಿವಿಗೆ ಹಾಕ್ಕೊಂಡಿದ್ದೀಯಾ, ರಾತ್ರಿ ಮಲಗಿದ್ಯಾ' ಅಂತ ಕೇಳಿ.

ಅವ್ವನಿಗೆ ಏನು ಹೇಳೋದು ಅಂತ ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ನಾನು ಏನು ಮಾಡಿದೆ ಅಂತ ಹೇಳುತ್ತೇನೆ. ಸರ್ವೀಸಿನ ಕಡೆಯ ವರ್ಷಗಳಲ್ಲಿ ಒಂದು ದಿನ ನಮ್ಮ ಬೇಸಿನ ಪೈಲಟ್ ಒಬ್ಬರು ಹಾರಿ ಬದುಕಿದರು. ಆ ಸೀಟಿನ ಕಾಗದದಲ್ಲಿ ಎರಡನೇ ಸಹಿ ನನ್ನದು. ಒಂದೂವರೆ ತಿಂಗಳಾದ ಮೇಲೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಸೀಟ್ ಬೇ ಬಾಗಿಲಿಗೆ ಬಂದರು, ಕೈಯಲ್ಲಿ ಲಾಡು ಡಬ್ಬಿ. ಕುರ್ಚಿ ಕೊಟ್ಟೆವು, ಕೂರಲು ಆಗಲಿಲ್ಲ ಅವರಿಗೆ, ನಿಂತೇ ನಮ್ಮೆಲ್ಲರಿಗೂ ಒಂದೊಂದು ಲಾಡು ಕೊಟ್ಟು ತಾವೂ ಒಂದು ತಿಂದರು. ಜಾಸ್ತಿ ಮಾತಾಡಲಿಲ್ಲ. ಹೋಗುವಾಗ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗನ ಹೆಗಲು ತಟ್ಟಿ ಹೋದರು.

ಆ ರಾತ್ರಿ ಮನೆಗೆ ಫೋನ್ ಮಾಡಿ, ಕುರ್ಚಿ ಅಂದರೆ ಯಾವ ಕುರ್ಚಿ ಅಂತ ಮೊದಲ ಸಲ ಅವ್ವನಿಗೆ ಬಿಡಿಸಿ ಹೇಳಿದೆ. ಗನ್ನು, ಕಾಡತೂಸು, ಪಿನ್ನು, ಪ್ಯಾರಾಚೂಟ್, ಲಾಡು, ಎಲ್ಲ. ಆಕೆ ಹೆದರುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಹುಡುಗನ ಅವ್ವ ಏನಂದ್ಲಂತ?' ಅಂತ ಕೇಳಿದಳು. ನಾನು ಅದನ್ನು ಕೇಳಿರಲೇ ಇಲ್ಲ.